ಹತ್ತರಲ್ಲೊಂದು ಪಾಲು ಎಣ್ಣೆ

ಬಂಟ್ವಾಳದಿಂದ ಸಿದ್ದಕಟ್ಟೆಯ ಮಾರ್ಗವಾಗಿ ಮೂಡುಬಿದಿರೆಗೂ, ಅಲ್ಲಿಂದ ವೇಣೂರು ಗುರುವಾಯನಕೆರೆಗಳನ್ನು ಹಾದು ಬೆಳ್ತಂಗಡಿಗೂ, ಮರಳಿ ಪುಂಜಾಲಕಟ್ಟೆಯ ಮೇಲಿಂದ ಬಂಟ್ವಾಳಕ್ಕೂ ಸುತ್ತಿ ಬರುವ ದಾರಿಯಲ್ಲಿ ಬೇಸಗೆಯ ಕಾಲದಲ್ಲಿ ಸಂಚರಿಸಿದವರಿಗೆ, ಇಕ್ಕೆಲಗಳ ಗೇರುಮರದ ಎಲೆಗಳೂ, ಅಂಗಡಿಗಳ ಮಾಡಿನ ಹಂಚೂ, ಎದುರಾಗುವ ಲಾರಿಯ ಚಾಲಕನ ಹುಬ್ಬುಮೀಸೆಗಳೂ ಒಂದೇ ಬಣ್ಣವನ್ನು ತಳೆದಿರುವುದು ಕಾಣದೆ ಇರದು. ಅದು ಮುರಕಲ್ಲಿನ ಧೂಳಿನ ಬಣ್ಣ. ಕರಾವಳಿಯ ಮನೆ, ಬಾವಿಕಟ್ಟೆ, ಆವರಣದ ಗೋಡೆಗಳೆಲ್ಲಕ್ಕೂ ಆಧಾರವಾದ ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟವನು, 1800–01ರಲ್ಲಿ ಮೈಸೂರು, ಮಲಬಾರು, ಕೆನರಾ ಸೀಮೆಗಳಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸದ ವೃತ್ತಾಂತವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್. ನೆಲದೊಳಗಿರುವಾಗ ಕಬ್ಬಿಣದ ಹತಾರಿಯಿಂದ ಕಡಿದೆಬ್ಬಿಸಬಹುದಾದಷ್ಟು ಮೃದುವಾಗಿದ್ದು, ಹೊರಗಿನ ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಇದರ ಗುಣವು ಅವನ ಗಮನವನ್ನು ವಿಶೇಷವಾಗಿ ಸೆಳೆದಿತ್ತು.

ವರ್ಷಕ್ಕೆ ಹೆಚ್ಚುಕಡಿಮೆ 4000 ಮಿಲಿಮೀಟರು ಸುರಿಯುವ ಮಳೆಯು, ಲಕ್ಷಾಂತರ ವರ್ಷಗಳ ಕಾಲ ಮೂಲಶಿಲೆಯನ್ನು ತೊಳೆಯುತ್ತ, ಅದರೊಳಗಿನ ಸುಣ್ಣ, ಮೆಗ್ನೀಸಿಯ, ಕ್ಷಾರಗಳನ್ನೂ ಸಿಲಿಕದ ಬಹುಭಾಗವನ್ನೂ ಕರಗಿಸಿ ಸಮುದ್ರಕ್ಕೆ ಒಯ್ದು, ಕರಗಲೊಲ್ಲದ ಕಬ್ಬಿಣ ಮತ್ತು ಅಲ್ಯೂಮಿನಿಯಮುಗಳ ಆಕ್ಸೈಡುಗಳನ್ನು, ಒಂದಿಷ್ಟು ಜೇಡಿಯನ್ನು, ಬೆಣಚುಕಲ್ಲಿನ ಸಣ್ಣ ಹರಳುಗಳನ್ನು ಹಿಂದೆ ಬಿಟ್ಟುಹೋದುದರ ಫಲವೇ ಮುರಕಲ್ಲು. ಈ ಅಧ್ಯಾಯದ ವಿಷಯವಾದರೋ ಹಳೆಯ ಡೀಸೆಲ್ ಲಾರಿಗೆ ಹೊಸದಾಗಿ ಜೋಡಿಸಬಹುದಾದ ಎರಡು ಸಣ್ಣ ಉಪಕರಣಗಳು, ಎಂದರೆ ಎಣ್ಣೆಯ ಬೈಪಾಸ್ ಫಿಲ್ಟರು ಮತ್ತು ಕೂಲೆಂಟಿನ ಫಿಲ್ಟರು. ಅದಕ್ಕೆ ಕಲ್ಲಿನ ಜನ್ಮವೃತ್ತಾಂತವೇಕೆ ಎಂದು ವಾಚಕರು ಕೇಳಬಹುದು. ಆ ಮಳೆಯು ಬಿಟ್ಟುಹೋದ ಭಾಗವು ಧೂಳಾಗಿ ಎಂಜಿನಿನ ಎಣ್ಣೆಯನ್ನು ಸೇರುತ್ತದೆ. ಅದು ಒಯ್ದ ಸುಣ್ಣದ ಅಭಾವವು ಬಾವಿಯ ನೀರಿನ ಮೂಲಕ ರೇಡಿಯೇಟರನ್ನು ಸೇರುತ್ತದೆ. ಈ ಸೀಮೆಯ ಹಳೆಯ ಲಾರಿಯನ್ನು ಸವೆಸುವ ಎರಡು ಮುಖ್ಯ ಕಾರಣಗಳೂ ಒಂದೇ ಮಳೆಯ ಕೆಲಸ.

ಮೊದಲು ಧೂಳಿನ ಲೆಕ್ಕವನ್ನು ನೋಡೋಣ. 1954ರಲ್ಲಿ ಟೆಲ್ಕೊ ಸಂಸ್ಥೆಯು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದದಂತೆ ಜಮ್‌ಶೆಡ್‌ಪುರದಲ್ಲಿ ತಯಾರಾಗತೊಡಗಿದ ಲಾರಿಗಳ ವಂಶದಲ್ಲಿ ಹುಟ್ಟಿದ 697 ಎಂಬ ಎಂಜಿನು, ದೀರ್ಘಕಾಲ ನಮ್ಮ ರಸ್ತೆಗಳ ಸಾಮಾನ್ಯ ಎಂಜಿನಾಗಿತ್ತು. ಆರು ಸಿಲಿಂಡರುಗಳು, ಒಂದೊಂದರ ವ್ಯಾಸ 97 ಮಿಲಿಮೀಟರು, ಪಿಸ್ಟನ್ನಿನ ಓಟ 128 ಮಿಲಿಮೀಟರು. ಗುಣಿಸಿದರೆ ಐದು ಲೀಟರು ಆರುನೂರ ಎಪ್ಪತ್ತೈದು ಮಿಲಿಲೀಟರುಗಳ ಗಾತ್ರ. ಎರಡು ಸುತ್ತಿಗೊಮ್ಮೆ ಈ ಗಾತ್ರವನ್ನು ಗಾಳಿಯಿಂದ ತುಂಬಿಕೊಳ್ಳುವ ಎಂಜಿನು, ನಿಮಿಷಕ್ಕೆ 2000 ಸುತ್ತುಗಳ ವೇಗದಲ್ಲಿ, ನಷ್ಟಗಳನ್ನು ಕಳೆದ ಮೇಲೂ, ನಿಮಿಷಕ್ಕೆ 5000 ಲೀಟರಿನಷ್ಟು, ಗಂಟೆಗೆ 300 ಘನಮೀಟರಿನಷ್ಟು ಗಾಳಿಯನ್ನು ಸೇದುತ್ತದೆ. ಕಲ್ಲುಕೋರೆಯ ಮಣ್ಣುದಾರಿಯಲ್ಲಿ, ಮುಂದೊಂದು ಲಾರಿ ಹೋಗುತ್ತಿರುವಾಗ, ಘನಮೀಟರಿಗೆ 10 ಮಿಲಿಗ್ರಾಮು ಧೂಳಿದೆಯೆಂದು ಎಣಿಸಿದರೆ, ಗಂಟೆಗೆ ಮೂರು ಗ್ರಾಮು ಧೂಳು ಎಂಜಿನಿನ ಮೂಗಿನವರೆಗೆ ಬಂದು ನಿಲ್ಲುತ್ತದೆ. ಹಳೆಯ ಲಾರಿಗಳಲ್ಲಿರುತ್ತಿದ್ದ, ತಳದಲ್ಲಿ ಎಣ್ಣೆ ತುಂಬಿ ಗಾಳಿಯನ್ನು ಅದರ ಮೇಲೆ ಹಾಯಿಸುವ ಶೋಧಕವು ಅದರಲ್ಲಿ ನೂರಕ್ಕೆ 95 ಪಾಲನ್ನು ಹಿಡಿದರೂ, ನೂರು ಗಂಟೆಯ ದುಡಿಮೆಯಲ್ಲಿ 15 ಗ್ರಾಮು ಧೂಳು ಒಳಹೊಕ್ಕುಬಿಡುತ್ತದೆ. ಒಳಹೊಕ್ಕುದರಲ್ಲಿ ಕೆಲವಂಶ ಹೊಗೆಯೊಡನೆ ಹೊರಬಿದ್ದು, ಉಳಿದದ್ದು ಪಿಸ್ಟನ್ನಿನ ರಿಂಗುಗಳನ್ನು ದಾಟಿ ಎಂಜಿನಿನ ತಳದ ತೊಟ್ಟಿಯಾದ ಸಂಪಿನ ಎಣ್ಣೆಗೆ ಇಳಿಯುತ್ತದೆ.

ಆ ಎಣ್ಣೆಯಲ್ಲಿ ಧೂಳು ಮಾಡುವ ಹಾನಿಯು ಅದರ ತೂಕಕ್ಕಿಂತ ಹೆಚ್ಚಾಗಿ ಅದರ ಕಣಗಳ ಗಾತ್ರವನ್ನು ಅವಲಂಬಿಸಿದೆ. ಕ್ರ್ಯಾಂಕಿನ ದಂಡವು ಬೇರಿಂಗಿನೊಳಗೆ ತಿರುಗುವಾಗ ಲೋಹ ಲೋಹವನ್ನು ಮುಟ್ಟುವುದಿಲ್ಲ. ಅವೆರಡರ ನಡುವೆ ಎರಡರಿಂದ ಇಪ್ಪತ್ತು ಮೈಕ್ರಾನ್ ದಪ್ಪದ ಎಣ್ಣೆಯ ಪೊರೆಯೊಂದು ನಿಂತು ಟನ್ನುಗಳ ಭಾರವನ್ನು ಹೊರುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮನುಷ್ಯನ ತಲೆಗೂದಲು ಸುಮಾರು ಎಪ್ಪತ್ತು ಮೈಕ್ರಾನ್ ದಪ್ಪ. ಪೊರೆಗಿಂತ ತೀರ ದೊಡ್ಡದಾದ ಕಣವು ಆ ಸಂದಿಯೊಳಗೆ ನುಗ್ಗಲಾರದು. ಪೊರೆಗಿಂತ ಅತಿ ಚಿಕ್ಕದಾದದ್ದು ಯಾರನ್ನೂ ಸೋಂಕದೆ ಎಣ್ಣೆಯೊಡನೆ ತೇಲಿಹೋಗುತ್ತದೆ. ಪೊರೆಯ ದಪ್ಪಕ್ಕೆ ಸರಿಸಮನಾದ ಕಣವಾದರೋ ಎರಡೂ ಕಡೆಯ ಲೋಹಗಳಿಗೆ ಏಕಕಾಲದಲ್ಲಿ ತಾಗಿ, ಮೃದುವಾದ ಬೇರಿಂಗಿನಲ್ಲಿ ನಾಟಿಕೊಂಡು, ಗಟ್ಟಿಯಾದ ಉಕ್ಕನ್ನು ಗೀರುತ್ತದೆ. ಬೆಣಚುಕಲ್ಲಿನ ಹರಳಿಗೆ ಮೋಸ್ ಮಾನದಲ್ಲಿ ಕಾಠಿನ್ಯ ಏಳು; ಉಕ್ಕನ್ನು ಗೀರಲು ಅಷ್ಟು ಸಾಕು. ನಲವತ್ತು ಮೈಕ್ರಾನ್‌ಗಿಂತ ಸಣ್ಣದನ್ನು ನಮ್ಮ ಕಣ್ಣು ಬಿಡಿಬಿಡಿಯಾಗಿ ಗುರುತಿಸಲಾರದೆಂಬುದನ್ನು ನೆನೆದರೆ, ಎಂಜಿನನ್ನು ಸವೆಸುವ ಕೊಳೆಯೆಲ್ಲವೂ ಕಣ್ಣಿಗೆ ಕಾಣದ ಕೊಳೆಯೇ ಎಂದು ಹೇಳಬೇಕಾಗುತ್ತದೆ. ಗೇಜುಕಡ್ಡಿಯಿಂದ ಎರಡು ಬೆರಳಿನ ನಡುವೆ ಎಣ್ಣೆ ತೆಗೆದುಕೊಂಡು ತಿಕ್ಕಿ, ಇನ್ನೂ ಚೆನ್ನಾಗಿದೆಯೆಂದು ತೀರ್ಪು ಕೊಡುವ ಹಳಬರ ಪದ್ಧತಿಯಲ್ಲಿ ಅನುಭವವು ಎಷ್ಟೇ ಇರಲಿ, ಈ ಒಂದು ವಿಷಯದಲ್ಲಿ ಬೆರಳಿಗೆ ಸಾಕ್ಷಿ ಹೇಳುವ ಶಕ್ತಿಯಿಲ್ಲ.

ಹಾಗಿದ್ದರೆ ಎಂಜಿನಿನಲ್ಲಿ ಮೊದಲೇ ಇರುವ ಎಣ್ಣೆಯ ಫಿಲ್ಟರು ಮಾಡುವುದೇನು? ಅದು ಪೂರ್ಣಪ್ರವಾಹದ ಫಿಲ್ಟರು. ಪಂಪು ನಿಮಿಷಕ್ಕೆ ಹತ್ತಾರು ಲೀಟರುಗಳಂತೆ ನೂಕುವ ಎಣ್ಣೆಯೆಲ್ಲವೂ ಬೇರಿಂಗುಗಳಿಗೆ ಹೋಗುವ ಮೊದಲು ಅದರ ಮೂಲಕವೇ ಹಾಯಬೇಕು. ಅಷ್ಟು ಎಣ್ಣೆಯನ್ನು ತಡೆಯಿಲ್ಲದೆ ಬಿಟ್ಟುಕೊಡಬೇಕಾದ ಕಾಗದದ ರಂಧ್ರಗಳು ಇಪ್ಪತ್ತು, ಮೂವತ್ತು, ನಲವತ್ತು ಮೈಕ್ರಾನ್‌ಗಳಷ್ಟು ದೊಡ್ಡವಾಗಿರದೆ ಉಪಾಯವಿಲ್ಲ. ಸಾಲದುದಕ್ಕೆ, ಬೆಳಗಿನ ತಂಪಿನಲ್ಲಿ ಎಣ್ಣೆ ಮಂದವಾಗಿರುವಾಗಲೂ ಫಿಲ್ಟರು ಕಟ್ಟಿಕೊಂಡಾಗಲೂ ತೆರೆದುಕೊಳ್ಳುವ ಕವಾಟವೊಂದು ಅದರಲ್ಲಿರುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆಯೆಣ್ಣೆ ಮೇಲೆಂಬುದು ಅದರ ನ್ಯಾಯ. ಆಟಿ ತಿಂಗಳ ಮಳೆಯಲ್ಲಿ ತುಂಬಿ ಹರಿಯುವ ತೋಡಿಗೆ ಅಡ್ಡಲಾಗಿ ಬಟ್ಟೆಯನ್ನು ಕಟ್ಟಿ ನೀರನ್ನು ಸೋಸುತ್ತೇನೆಂದು ಹೊರಟವನ ತೋಟವು ಮರುದಿನವೇ ಮುಳುಗೀತು. ಅಲ್ಲಿ ಹಾಕಬಹುದಾದುದು ಕಸಕಡ್ಡಿಗಳನ್ನು ತಡೆಯುವ ಬಿದಿರಿನ ತಡಿಕೆ ಮಾತ್ರ. ಆದರೆ ಅದೇ ತೋಡಿನಿಂದ ಬದಿಗೊಂದು ಸಣ್ಣ ಕಣಿಯನ್ನು ತೆಗೆದು, ಸ್ವಲ್ಪವೇ ನೀರನ್ನು ಸಾವಕಾಶವಾಗಿ ಹಾಯಿಸಿದರೆ, ಅದನ್ನು ಬೇಕಾದಷ್ಟು ತಿಳಿಗೊಳಿಸಬಹುದು. ಬೈಪಾಸ್ ಫಿಲ್ಟರಿನ ತತ್ತ್ವವು ಇಷ್ಟೇ. ಪಂಪಿನ ಎಣ್ಣೆಯಲ್ಲಿ ಹತ್ತರಲ್ಲೊಂದು ಪಾಲನ್ನೋ ಅದಕ್ಕೂ ಕಡಿಮೆಯನ್ನೋ ಕಿರಿದಾದ ತೂತೊಂದರ ಮೂಲಕ ಬೇರೆ ತೆಗೆದು, ಒತ್ತಾಗಿ ಅಡಕಿದ ಹತ್ತಿ ಅಥವಾ ಕಾಗದದ ದಪ್ಪ ಮೈಯೊಳಗೆ ಹಾಯಿಸಿ, ಎರಡು ಮೂರು ಮೈಕ್ರಾನ್‌ಗಳ ಕಣಗಳನ್ನೂ ಹಿಡಿದಿಟ್ಟು, ತಿಳಿಯಾದ ಎಣ್ಣೆಯನ್ನು ಬೇರಿಂಗಿಗೆ ಕಳುಹಿಸದೆ ನೇರವಾಗಿ ಸಂಪಿಗೆ ಮರಳಿಸುತ್ತದೆ. ಅದು ಕಟ್ಟಿಕೊಂಡರೂ ಎಂಜಿನಿಗೆ ಎಣ್ಣೆಯ ಕೊರತೆಯಾಗುವುದಿಲ್ಲ. ಆದುದರಿಂದಲೇ ಅದು ಅಷ್ಟು ಸೂಕ್ಷ್ಮವಾಗಿರಬಹುದು.

ಇದು ಹೊಸ ಕಲ್ಪನೆಯೇನೂ ಅಲ್ಲ. ಅಮೆರಿಕದಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ ಎಂಬಿಬ್ಬರು 1923ರಲ್ಲಿ ಪ್ಯೂರೊಲೇಟರ್ ಎಂಬ ಫಿಲ್ಟರನ್ನು ತಂದ ಮೇಲಿನ ದಶಕಗಳಲ್ಲಿ ಮೋಟಾರು ವಾಹನಗಳ ಎಣ್ಣೆಯ ಫಿಲ್ಟರುಗಳು ಹೆಚ್ಚಾಗಿ ಬೈಪಾಸ್ ಜಾತಿಯವೇ ಆಗಿದ್ದುವು. ಪೂರ್ಣಪ್ರವಾಹದ ಫಿಲ್ಟರು ಸರ್ವಸಾಮಾನ್ಯವಾದುದು ಎರಡನೆಯ ಮಹಾಯುದ್ಧದ ಅನಂತರ. 1950ರ ದಶಕದಲ್ಲಿ ಅಲ್ಲಿ ಜನಪ್ರಿಯವಾದ ಫ್ರಾಂಟ್ಸ್ ಎಂಬ ಬೈಪಾಸ್ ಫಿಲ್ಟರಿನೊಳಗಿನ ಶೋಧಕವಸ್ತು ಶೌಚಾಲಯದ ಕಾಗದದ ಸುರುಳಿಯೇ ಆಗಿತ್ತೆಂದರೆ ನಗೆ ಬರಬಹುದು. ಆದರೆ ಬಿಗಿಯಾಗಿ ಸುತ್ತಿದ ಕಾಗದದ ಉದ್ದಕ್ಕೆ ಎಣ್ಣೆಯನ್ನು ಹಾಯಿಸುವ ಆ ಉಪಾಯದಲ್ಲಿ ಶಾಸ್ತ್ರೀಯವಾಗಿ ನಗುವಂಥದೇನೂ ಇಲ್ಲ.

ಫಿಲ್ಟರಿನ ಸೂಕ್ಷ್ಮತೆಗೂ ಸವೆತಕ್ಕೂ ಇರುವ ಸಂಬಂಧವನ್ನು ಜನರಲ್ ಮೋಟರ್ಸ್ ಸಂಸ್ಥೆಯ ಡೇವಿಡ್ ಸ್ಟೇಲಿ ಎಂಬವರು 1988ರಲ್ಲಿ ಪ್ರಕಟಿಸಿದ ಪ್ರಬಂಧವು ಅಂಕಿಗಳಲ್ಲಿ ಹೇಳುತ್ತದೆ: ನಲವತ್ತು ಮೈಕ್ರಾನ್‌ಗಳ ಫಿಲ್ಟರಿಗೆ ಬದಲಾಗಿ ಮೂವತ್ತರದನ್ನು ಬಳಸಿದಾಗ ಸವೆತವು ಅರ್ಧಕ್ಕಿಳಿಯಿತು, ಹದಿನೈದರದನ್ನು ಬಳಸಿದಾಗ ನೂರಕ್ಕೆ ಎಪ್ಪತ್ತರಷ್ಟು ಕಡಿಮೆಯಾಯಿತು. ಇದನ್ನು ಓದಿದೊಡನೆ ಬೈಪಾಸ್ ಫಿಲ್ಟರು ಎಂಜಿನನ್ನು ಅಮರವಾಗಿಸೀತೆಂದು ಭಾವಿಸುವುದು ಸುಲಭ. ಮಾರುವವರಂತೂ ಹಾಗೆಯೇ ಹೇಳುತ್ತಾರೆ. ಇಲ್ಲಿ ತುಸು ನಿಂತು ಲೆಕ್ಕ ಮಾಡುವುದು ಉಚಿತ. ಎಣ್ಣೆಯಲ್ಲಿ ಕೊಳೆಯ ಸಾಂದ್ರತೆಯು ಏರುತ್ತಲೇ ಹೋಗುವುದಿಲ್ಲ. ಗಂಟೆಗೆ ಒಳಬರುವ ಕೊಳೆಯೂ ಗಂಟೆಗೆ ಫಿಲ್ಟರುಗಳು ಹಿಡಿಯುವ ಕೊಳೆಯೂ ಸಮವಾದಲ್ಲಿಗೆ ಅದು ನಿಲ್ಲುತ್ತದೆ. ಪೂರ್ಣಪ್ರವಾಹದ ಫಿಲ್ಟರಿನಲ್ಲಿ ನಿಮಿಷಕ್ಕೆ 40 ಲೀಟರು ಹಾಯುತ್ತಿದ್ದು, ಐದು ಮೈಕ್ರಾನ್ ಕಣಗಳಲ್ಲಿ ಅದು ನೂರಕ್ಕೆ ಐದನ್ನು ಮಾತ್ರ ಹಿಡಿಯುವುದೆಂದು ಇಟ್ಟುಕೊಂಡರೂ, ನಿಮಿಷಕ್ಕೆ ಎರಡು ಲೀಟರನ್ನು ಪೂರ್ತಿಯಾಗಿ ಶುದ್ಧಮಾಡಿದುದಕ್ಕೆ ಅದು ಸಮ. ಬೈಪಾಸಿನಲ್ಲಿ ಎರಡು ಲೀಟರು ಹಾಯುತ್ತ, ನೂರಕ್ಕೆ 95ನ್ನು ಅದು ಹಿಡಿದರೆ, ಅದೂ ಹೆಚ್ಚುಕಡಿಮೆ ಅಷ್ಟೇ. ಎಂದರೆ ಈ ಗಾತ್ರದ ಕಣಗಳ ಮಟ್ಟಿಗೆ ಬೈಪಾಸನ್ನು ಸೇರಿಸಿದುದರಿಂದ ಕೊಳೆಯು ಅರ್ಧಕ್ಕಿಳಿಯಿತು, ಅದಕ್ಕಿಂತ ಹೆಚ್ಚೇನೂ ಅಲ್ಲ. ಮೂರು ಮೈಕ್ರಾನ್ ಕಣಗಳಲ್ಲಿ ಪೂರ್ಣಪ್ರವಾಹದ್ದು ನೂರಕ್ಕೆ ಒಂದನ್ನೂ ಬೈಪಾಸು ಎಂಬತ್ತನ್ನೂ ಹಿಡಿಯುವುದಾದರೆ, ಎರಡೂ ಸೇರಿ ಕೊಳೆಯನ್ನು ಐದರಲ್ಲೊಂದಕ್ಕೆ ಇಳಿಸುತ್ತವೆ. ಕಣವು ಸೂಕ್ಷ್ಮವಾದಷ್ಟೂ ಬೈಪಾಸಿನ ಬೆಲೆ ಹೆಚ್ಚು.

ಇದೇ ಲೆಕ್ಕವು ಇನ್ನೊಂದು ಮಾತನ್ನೂ ಹೇಳುತ್ತದೆ. ನನಗೆ ಅದೇ ಮುಖ್ಯವೆಂದು ತೋರುತ್ತದೆ. ಗಾಳಿಯ ಶೋಧಕವು ನೂರಕ್ಕೆ 95ರ ಬದಲು 99ನ್ನು ಹಿಡಿಯುವಂತಾದರೆ, ಒಳಹೊಗುವ ಧೂಳು ಐದರಿಂದ ಒಂದಕ್ಕೆ ಇಳಿಯಿತು. ಎಲ್ಲ ಗಾತ್ರದ ಕಣಗಳಿಗೂ ಏಕಪ್ರಕಾರವಾಗಿ, ಮತ್ತು ರಿಂಗು ಲೈನರುಗಳನ್ನು ದಾಟಿಬರುವ ಮೊದಲೇ. ಎಣ್ಣೆಯ ಫಿಲ್ಟರು ಎಷ್ಟು ಉತ್ತಮವಾಗಿದ್ದರೂ, ಪಿಸ್ಟನ್ನಿನ ಮೇಲ್ಭಾಗವನ್ನು ಸವೆಸಿ ಆದ ಮೇಲೆಯೇ ಧೂಳು ಅದರ ಕೈಗೆ ಸಿಗುವುದು. ಆದುದರಿಂದ ಗಾಳಿಯ ಕೊಳವೆಯ ಬಿರುಕುಬಿಟ್ಟ ರಬ್ಬರನ್ನೂ ಸಡಿಲವಾದ ಕ್ಲಿಪ್ಪನ್ನೂ ಹಾಗೆಯೇ ಬಿಟ್ಟು, ಬೈಪಾಸ್ ಫಿಲ್ಟರಿಗೆ ಸಾವಿರಾರು ರೂಪಾಯಿ ಸುರಿಯುವ ಮಾಲೀಕನಿಗೆ ಲೆಕ್ಕ ಬರುವುದಿಲ್ಲವೆಂದೇ ಹೇಳಬೇಕು.

ಒಳಗೆ ನಡೆಯುತ್ತಿರುವುದೇನೆಂದು ತಿಳಿಯಬೇಕಾದರೆ ತೆಗೆದುಹಾಕಿದ ಫಿಲ್ಟರನ್ನು ಕೊಯ್ದು ನೋಡಬೇಕು. ಬಿ.ಸಿ. ರೋಡಿನ ಗ್ಯಾರೇಜೊಂದರಲ್ಲಿ, ಮುರಕಲ್ಲು ಸಾಗಿಸುವ ಲಾರಿಯೊಂದರ ಫಿಲ್ಟರನ್ನು ಮೇಸ್ತ್ರಿಯು ಹ್ಯಾಕ್‌ಸಾದಿಂದ ಸುತ್ತಲೂ ಕೊಯ್ದು, ಕಾಗದದ ಮಡಿಕೆಗಳನ್ನು ಬಿಡಿಸಿ, ಡೀಸೆಲಿನಲ್ಲಿ ಅದ್ದಿ ಹಿಂಡಿ, ತಗಡಿನ ಮೇಲೆ ಬಿಸಿಲಿಗೆ ಹರಡಿದುದನ್ನು ನೋಡುವ ಅವಕಾಶ ನನಗೆ ದೊರೆತಿತ್ತು. ಕಾಗದದ ಕಪ್ಪು ಇಳಿದುಹೋದ ಮೇಲೆ ಮಡಿಕೆಗಳ ತಳದಲ್ಲಿ ಕಂದುಬಣ್ಣದ ಹುಡಿಯ ಗೆರೆಗಳೂ, ಅಲ್ಲಲ್ಲಿ ತಾಮ್ರದ ಬಣ್ಣದ ಚುಕ್ಕೆಗಳೂ ಉಳಿದುವು. ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಅವರು ಕಾಗದದ ಹಿಂಬದಿಯಲ್ಲಿ ಎಳೆದಾಗ, ಹುಡಿಯಲ್ಲಿ ಸ್ವಲ್ಪ ಭಾಗ ಅದರ ಹಿಂದೆ ಹರಿಯಿತು, ಹೆಚ್ಚಿನದು ಕದಲಲಿಲ್ಲ. “ಕಪ್ಪು ಕಂಡ್ರೆ ಹೆದರ್ಲಿಕ್ಕಿಲ್ಲ ಸ್ವಾಮಿ, ಅದು ಎಂಜಿನಿನದ್ದೇ ಮಸಿ. ಈ ಮಿನುಗುವುದು ಉಂಟಲ್ಲ, ಇದು ಬೇರಿಂಗು” ಎಂದರು. ಅಯಸ್ಕಾಂತಕ್ಕೆ ಒಲಿದುದು ಲೈನರು ರಿಂಗುಗಳ ಕಬ್ಬಿಣ. ಒಲಿಯದೆ ಉಳಿದ ಕಂದುಹುಡಿಯಲ್ಲಿಯೂ ಕಬ್ಬಿಣವಿದೆ, ಆದರೆ ಅದು ಕಲ್ಲಿನೊಳಗಿನ ಆಕ್ಸೈಡು. ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವವರು ಈ ಸೀಮೆಯಲ್ಲಿ ಇದನ್ನು ಮರೆಯಬಾರದು. ಸಿಲಿಕಾನ್ ಏರಿದರೆ ಧೂಳು, ಅಲ್ಯೂಮಿನಿಯಂ ಏರಿದರೆ ಪಿಸ್ಟನ್ನು, ಕಬ್ಬಿಣ ಏರಿದರೆ ಲೈನರು ಎಂದು ಪುಸ್ತಕಗಳು ಹೇಳುತ್ತವಾದರೂ, ಮುರಕಲ್ಲಿನ ಧೂಳು ಈ ಮೂರನ್ನೂ ತನ್ನೊಡನೆಯೇ ತರುತ್ತದೆ. ಮೂರೂ ಜೊತೆಯಾಗಿ ಏರಿದಾಗ ಪಿಸ್ಟನ್ನನ್ನು ದೂಷಿಸುವ ಮೊದಲು ಗಾಳಿಯ ಕೊಳವೆಯನ್ನು ಪರೀಕ್ಷಿಸುವುದು ವಿವೇಕ.

ಮಸಿಯ ವಿಷಯದಲ್ಲಿ ಮೇಸ್ತ್ರಿಯ ಮಾತು ಬಹುಮಟ್ಟಿಗೆ ಸರಿ. ಡೀಸೆಲ್ ಮಸಿಯ ಮೂಲಕಣಗಳು ಮೈಕ್ರಾನಿನ ನೂರರಲ್ಲಿ ಕೆಲವೇ ಪಾಲಿನಷ್ಟು ಸೂಕ್ಷ್ಮ. ಅವು ಒಂದಕ್ಕೊಂದು ಅಂಟಿ ಬೆಳೆಯದಂತೆ ತೇಲಿಸಿಡುವ ದ್ರವ್ಯಗಳು ಎಣ್ಣೆಯಲ್ಲಿಯೇ ಇರುತ್ತವೆ. ಎಣ್ಣೆ ಕಪ್ಪಾಯಿತೆಂದರೆ ಆ ದ್ರವ್ಯಗಳು ತಮ್ಮ ಕೆಲಸವನ್ನು ಮಾಡುತ್ತಿವೆಯೆಂದೇ ಅರ್ಥ. ಬೈಪಾಸ್ ಫಿಲ್ಟರು ಗುಂಪುಗಟ್ಟಿದ ಮಸಿಯಲ್ಲಿ ಕೆಲವನ್ನು ಹಿಡಿದೀತೇ ಹೊರತು ಎಣ್ಣೆಯನ್ನು ಹೊಂಬಣ್ಣಕ್ಕೆ ತಿರುಗಿಸಲಾರದು. ಎಣ್ಣೆಯೊಳಕ್ಕೆ ಸೋರಿದ ಡೀಸೆಲನ್ನು ಅದು ಬೇರ್ಪಡಿಸದು, ಆಮ್ಲವನ್ನು ತಗ್ಗಿಸದು, ತೀರಿಹೋದ ದ್ರವ್ಯಗಳನ್ನು ಮರಳಿ ತುಂಬದು. ಆಮ್ಲದ ಕಾಟವಂತೂ, 2020ರ ಏಪ್ರಿಲ್ 1ರಿಂದ ದೇಶದ ಡೀಸೆಲಿನಲ್ಲಿ ಗಂಧಕದ ಮಿತಿಯು ಹತ್ತು ಲಕ್ಷಕ್ಕೆ ಹತ್ತು ಪಾಲಿಗೆ ಇಳಿದ ಮೇಲೆ, ಹಳೆಯ ಎಂಜಿನುಗಳಿಗೂ ತಾನಾಗಿಯೇ ಕಡಿಮೆಯಾಗಿದೆ.

ಮಸಿಯನ್ನೂ ಸ್ವಲ್ಪ ಹಿಡಿಯಬೇಕೆನ್ನುವವರಿಗೆ ಬೈಪಾಸ್ ಪದ್ಧತಿಯಲ್ಲಿಯೇ ಇನ್ನೊಂದು ದಾರಿಯುಂಟು. ಎಣ್ಣೆಯ ಒತ್ತಡದಿಂದಲೇ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬಟ್ಟಲೊಂದರ ಒಳಗೋಡೆಗೆ ಭಾರವಾದ ಕಣಗಳನ್ನೆಲ್ಲ ಎಸೆದು ಅಂಟಿಸುವ ಕೇಂದ್ರಾಪಗಾಮಿ ಶೋಧಕವದು. ಸ್ವೀಡನ್ನಿನ ಗುಸ್ತಾಫ್ ದ ಲಾವಲ್ 1878ರಲ್ಲಿ ಹಾಲಿನಿಂದ ಕೆನೆಯನ್ನು ಬೇರ್ಪಡಿಸಲು ರೂಪಿಸಿದ ಯಂತ್ರದ ತತ್ತ್ವವೇ ಇದು. ಪಣಂಬೂರಿನ ಬಂದರಿಗೆ ಬರುವ ಹಡಗುಗಳಲ್ಲಿ ಎಣ್ಣೆಯನ್ನು ಶುದ್ಧಮಾಡುವುದೂ ಇದೇ ತತ್ತ್ವದ ಯಂತ್ರಗಳು. ಅಷ್ಟೇಕೆ, ಹೀರೋ ಹೋಂಡಾದ ನೂರು ಸಿ.ಸಿ. ಬೈಕನ್ನು ಬಿಚ್ಚಿದ ಮೆಕ್ಯಾನಿಕ್ಕುಗಳೆಲ್ಲರೂ ಕ್ಲಚ್ಚಿನ ಬದಿಯ ಪುಟ್ಟ ಡಬ್ಬಿಯೊಳಗೆ ಅಂಟಿದ ಕಪ್ಪು ಮೇಣವನ್ನು ಕೆರೆದು ತೆಗೆದವರೇ.

ಜೋಡಣೆಯ ವಿಷಯ ಸಂಕ್ಷೇಪವಾಗಿ ಹೇಳಬಹುದಾದುದು. ಎಣ್ಣೆಯ ಒತ್ತಡದ ಗೇಜಿಗೆ ಕೊಳವೆ ಹೋಗುವ ಸ್ಥಾನದಲ್ಲಿ ಒಂದು ಟೀ ಹಾಕಿ ಎಣ್ಣೆಯನ್ನು ತೆಗೆದುಕೊಳ್ಳುವುದು, ಚಾಸಿಗೆ ಭದ್ರವಾಗಿ ಬಿಗಿದ ಫಿಲ್ಟರಿನೊಳಗೆ ಅದನ್ನು ಹಾಯಿಸುವುದು, ಟ್ಯಾಪೆಟ್ ಕವರಿನ ಮೂಲಕವೋ ಸಂಪಿಗೆ ಬೆಸೆದ ನಿಪ್ಪಲಿನ ಮೂಲಕವೋ ಮರಳಿ ಬಿಡುವುದು. ಒತ್ತಡವು ಮೂರು ಬಾರ್ ಇರುವಾಗ ಒಂದೂವರೆ ಮಿಲಿಮೀಟರಿನ ತೂತು ನಿಮಿಷಕ್ಕೆ ಎರಡು ಲೀಟರಿಗೆ ಸ್ವಲ್ಪ ಕಡಿಮೆ ಎಣ್ಣೆಯನ್ನು ಬಿಡುತ್ತದೆ, ಬೇಕಾದುದು ಅಷ್ಟೇ. ಆ ತೂತನ್ನು ಫಿಲ್ಟರಿನ ತುದಿಯಲ್ಲಿಡದೆ ಎಂಜಿನಿನ ತುದಿಯಲ್ಲಿಯೇ ಇಡಬೇಕೆಂದು ನನ್ನ ಅಭಿಪ್ರಾಯ. ಹೋಸು ಒಡೆದರೆ ಆಗ ಎಣ್ಣೆ ಪೂರ್ತಿ ಧಾರೆಯಾಗಿ ಸುರಿಯದೆ ತೂತಿನಷ್ಟೇ ಹೋಗುತ್ತದೆ, ಚಾಲಕನಿಗೆ ಗೇಜಿನ ಮುಳ್ಳನ್ನು ನೋಡಿ ನಿಲ್ಲಿಸಲು ಮೂರು ನಾಲ್ಕು ನಿಮಿಷಗಳ ಅವಕಾಶವಿರುತ್ತದೆ. ಹೋಸು ಕೂಡ ಜೆಸಿಬಿ ಟಿಪ್ಪರುಗಳಿಗೆ ಹಾಕುವ ಹೈಡ್ರಾಲಿಕ್ ಹೋಸೇ ಆಗಬೇಕು. ಡೀಸೆಲಿನ ರಬ್ಬರು ಕೊಳವೆಯನ್ನು ಕ್ಲಿಪ್ಪು ಹಾಕಿ ಬಿಗಿದವನು ಫಿಲ್ಟರಿನಿಂದ ಉಳಿಸಿದುದಕ್ಕಿಂತ ಹೆಚ್ಚನ್ನು ಒಂದೇ ರಾತ್ರಿಯಲ್ಲಿ ಕಳೆದುಕೊಂಡಾನು. ಇನ್ನು, ಬಿಸಿಯಾದ ಎಂಜಿನು ಸ್ಲೋದಲ್ಲಿರುವಾಗ ಒತ್ತಡವು ಒಂದು ಬಾರ್‌ಗಿಂತ ಕೆಳಗಿಳಿಯುವ ಲಾರಿಗೆ ಬೈಪಾಸನ್ನು ಹಾಕಲೇಬಾರದು. ಅದರ ಬೇರಿಂಗುಗಳು ಆಗಲೇ ಸವೆದಿವೆ. ಇರುವ ಎಣ್ಣೆಯಲ್ಲಿ ಪಾಲು ಕೇಳುವ ಇನ್ನೊಬ್ಬನನ್ನು ಅದು ತಾಳದು.

ಈಗ ನೀರಿನ ಕಡೆಗೆ ಬರೋಣ. ಹದಿನಾರು ಟನ್ ತೂಕದ ಲಾರಿಯೊಂದು ಶಿರಾಡಿ ಘಾಟಿಯನ್ನೇರಿ ಸಕಲೇಶಪುರವನ್ನು ಸೇರುವಾಗ ಬಂಟ್ವಾಳದ ಮಟ್ಟದಿಂದ ಸುಮಾರು 900 ಮೀಟರು ಎತ್ತರಕ್ಕೆ ತನ್ನನ್ನು ತಾನೇ ಎತ್ತಿಕೊಂಡಿರುತ್ತದೆ. 2019ರ ಭೂಕುಸಿತದ ಅನಂತರ ಚಾರ್ಮಾಡಿ ಘಾಟಿಯಲ್ಲಿ ಘನವಾಹನಗಳಿಗೆ ನಿರ್ಬಂಧ ಬಿದ್ದುದರಿಂದ ಬೆಳ್ತಂಗಡಿಯ ಲಾರಿಗೂ ಶಿರಾಡಿಯೇ ದಾರಿಯಾಯಿತು. ಎತ್ತುವ ಕೆಲಸವೊಂದಕ್ಕೇ ಹನ್ನೊಂದು ಲೀಟರು ಡೀಸೆಲು ಬೇಕು; ಅದರ ಶಾಖದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಎಂಜಿನಿನ ನೀರಿಗೆ ಹೋಗುತ್ತದೆ. ಮುನ್ನೂರೈವತ್ತು ಲೀಟರು ಬಾವಿನೀರನ್ನು ಕುದಿಯುವವರೆಗೆ ಕಾಯಿಸಲು ಆ ಶಾಖವು ಸಾಕು. ಅಷ್ಟನ್ನೂ ರೇಡಿಯೇಟರು ಗಾಳಿಗೆ ಬಿಟ್ಟುಕೊಡಬೇಕು. ಮೇಲೆ ತಲಪುವಷ್ಟರಲ್ಲಿ ನೀರಿನ ಕುದಿಯುವ ಬಿಂದುವೂ 97 ಡಿಗ್ರಿಗೆ ಇಳಿದಿರುತ್ತದೆ. ಮುಚ್ಚಳದ ಸ್ಪ್ರಿಂಗು ಗಟ್ಟಿಯಾಗಿದ್ದು ಒತ್ತಡವನ್ನು ಹಿಡಿದಿದ್ದರೆ ಮಾತ್ರ ಲಾರಿಯು ಹೀಟ್ ಆಗದೆ ಘಾಟಿಯನ್ನು ದಾಟೀತು.

ಘಟ್ಟದ ಕೆಳಗಿನ ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಗಳ ಬಾವಿಗಳ ನೀರು, ಸುಣ್ಣವನ್ನೆಲ್ಲ ಎಂದೋ ಕಳೆದುಕೊಂಡ ನೆಲದ ನೀರಾದುದರಿಂದ, ಬಹಳ ಮೃದು, ಮತ್ತು ತುಸು ಆಮ್ಲೀಯ. ಹಂಡೆಯ ತಳದಲ್ಲಿ ಇಲ್ಲಿ ಬಿಳಿಯ ಪರೆ ಕಟ್ಟುವುದಿಲ್ಲವೆಂಬುದು ಗೃಹಿಣಿಯರಿಗೆ ಸಮಾಧಾನದ ವಿಷಯವಾದರೂ, ಎರಕದ ಕಬ್ಬಿಣಕ್ಕೆ ಇಂಥ ನೀರು ಒಳ್ಳೆಯದಲ್ಲ. ರಕ್ಷಣೆಯ ಪರೆಯಿಲ್ಲದ ಲೋಹವನ್ನು ಅದು ನಿಧಾನವಾಗಿ ತಿನ್ನುತ್ತದೆ. ಹುಟ್ಟುವ ತುಕ್ಕು ಕಬ್ಬಿಣದ ಜಲಯುಕ್ತ ಆಕ್ಸೈಡು. ಮುರಕಲ್ಲಿಗೆ ಬಣ್ಣ ಕೊಟ್ಟಿರುವುದೂ ಅದೇ ಜಾತಿಯ ಆಕ್ಸೈಡೇ. ಹೊರಗಿನ ಕಲ್ಲನ್ನು ಹೊತ್ತು ತಿರುಗುವ ಲಾರಿಯು ತನ್ನೊಳಗೂ ಅದನ್ನು ತಯಾರಿಸುತ್ತಿರುತ್ತದೆ. ಅದೇ ಲಾರಿ ಘಟ್ಟದ ಮೇಲೆ ಅರಸೀಕೆರೆ ತಿಪಟೂರುಗಳ ಕಡೆ ಹೋಗಿ, ರೇಡಿಯೇಟರಿಗೆ ಕೊಳವೆಬಾವಿಯ ಗಡಸುನೀರನ್ನು ತುಂಬಿಕೊಂಡಾಗ, ಕಾದ ಭಾಗಗಳ ಮೇಲೆ ಸುಣ್ಣದ ಪರೆ ಕೂರತೊಡಗುತ್ತದೆ. ಅದೂ ವಾಲ್ವುಗಳ ನಡುವಿನ ಸೇತುವೆ, ಲೈನರಿನ ಮೇಲಂಚು ಮುಂತಾಗಿ ಶಾಖವನ್ನು ತುರ್ತಾಗಿ ಕಳೆಯಬೇಕಾದ ಜಾಗಗಳಲ್ಲಿಯೇ ಮೊದಲು. ಈ ಪರೆಯು ಶಾಖವನ್ನು ಹಾಯಿಸುವ ಶಕ್ತಿ ಎರಕದ ಕಬ್ಬಿಣದ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಕಡಿಮೆ. ಅರ್ಧ ಮಿಲಿಮೀಟರು ಪರೆ ಕಟ್ಟಿತೆಂದರೆ ಲೋಹದ ಗೋಡೆಗೆ ಒಂದು ಸೆಂಟಿಮೀಟರಿಗೂ ಹೆಚ್ಚು ದಪ್ಪವನ್ನು ಸೇರಿಸಿದಂತಾಯಿತು. ಹೀಗೆ ಘಟ್ಟದ ಕೆಳಗೆ ತುಕ್ಕು, ಮೇಲೆ ಪರೆ, ಎರಡೂ ಕಳಚಿ ಬಂದು ರೇಡಿಯೇಟರಿನ ಕೊಳವೆಗಳ ಬಾಯಲ್ಲಿ ಕೆಂಪು ಕೆಸರು.

ನೀರು ನೇರವಾಗಿ ಲೈನರಿಗೆ ತಾಗುವ ಎಂಜಿನುಗಳಲ್ಲಿ ಇದಕ್ಕಿಂತ ವಿಚಿತ್ರವಾದ ಇನ್ನೊಂದು ವ್ಯಾಧಿಯುಂಟು. ಪಿಸ್ಟನ್ನು ಪ್ರತಿ ಸ್ಫೋಟದಲ್ಲಿಯೂ ಲೈನರನ್ನು ಪಕ್ಕಕ್ಕೆ ಗುದ್ದುವುದರಿಂದ ಅದು ಬಾರಿಸಿದ ಗಂಟೆಯಂತೆ ಕಂಪಿಸುತ್ತದೆ. ಗೋಡೆ ಹಿಂದೆ ಸರಿದ ಕ್ಷಣದಲ್ಲಿ ನೀರು ಅದನ್ನು ಹಿಂಬಾಲಿಸಲಾರದೆ ಆವಿಯ ಗುಳ್ಳೆಯಾಗಿ ಒಡೆಯುತ್ತದೆ. ಗೋಡೆ ಮರಳಿದಾಗ ಆ ಗುಳ್ಳೆ ಕುಸಿಯುತ್ತದೆ. ಹೀಗೆ ಕುಸಿಯುವ ಗುಳ್ಳೆಯ ಸುತ್ತಲಿನ ದ್ರವದಲ್ಲಿ ಅತ್ಯಂತ ಪ್ರಚಂಡವಾದ ಒತ್ತಡ ಹುಟ್ಟುವುದೆಂದು ಲಾರ್ಡ್ ರ್‍ಯಾಲೆ 1917ರಲ್ಲಿಯೇ ಗಣಿತದಿಂದ ತೋರಿಸಿದ್ದನು. ಲಕ್ಷಾಂತರ ಸಲ ಒಂದೇ ಕಡೆ ಬಿದ್ದ ಈ ಸೂಕ್ಷ್ಮ ಪೆಟ್ಟುಗಳು ಲೈನರಿನಲ್ಲಿ ಸೂಜಿಯಿಂದ ಚುಚ್ಚಿದಂಥ ಗುಂಡಿಗಳನ್ನು ಕೊರೆದು, ಕಡೆಗೆ ಆಚೆ ಬದಿಗೆ ತೂತನ್ನೇ ಮಾಡಿ, ನೀರನ್ನು ಎಣ್ಣೆಗೆ ಬೆರೆಸುತ್ತವೆ. ಇದನ್ನು ತಡೆಯುವ ನೈಟ್ರೈಟ್ ಮೊದಲಾದ ಲವಣಗಳು ಕೂಲೆಂಟಿನಲ್ಲಿ ಇರುತ್ತವೆ. ಹಿಮ ಬೀಳುವ ದೇಶದವರಿಗಲ್ಲದೆ ನಮಗೆ ಕೂಲೆಂಟ್ ಏತಕ್ಕೆ ಎಂದು ಕರಾವಳಿಯ ಚಾಲಕರು ಬಹುಕಾಲ ಕೇಳುತ್ತಿದ್ದರು. ಹೆಪ್ಪುಗಟ್ಟದಿರುವುದು ಅದರ ಒಂದು ಗುಣ ಮಾತ್ರ, ಲೋಹವನ್ನು ಕಾಯುವುದು ಇನ್ನೊಂದು, ನಮಗೆ ಬೇಕಾದುದು ಆ ಎರಡನೆಯದು.

ಕೂಲೆಂಟಿನ ಫಿಲ್ಟರು ಎಣ್ಣೆಯ ಬೈಪಾಸಿನ ತಮ್ಮ. ನೀರಿನ ಪಂಪು ಒತ್ತಡದಿಂದ ಬಿಡುವ ಕಡೆಯಿಂದ ಸಣ್ಣ ಪಾಲನ್ನು ತೆಗೆದು, ತಿರುಪಿ ಕೂರಿಸುವ ಡಬ್ಬಿಯೊಳಗೆ ಹಾಯಿಸಿ, ಪಂಪು ಹೀರುವ ಕಡೆಗೆ ಮರಳಿ ಬಿಡುವುದು. ಎರಡೂ ಕಡೆ ಒಂದೊಂದು ಕಾಕು ಇಟ್ಟರೆ ರೇಡಿಯೇಟರನ್ನು ಖಾಲಿಮಾಡದೆ ಡಬ್ಬಿಯನ್ನು ಬದಲಾಯಿಸಬಹುದು. ತೇಲುವ ತುಕ್ಕು, ಪರೆಯ ಚೂರು, ಎರಕದ ಕಾಲದಿಂದ ಉಳಿದ ಮರಳನ್ನು ಅದು ಹಿಡಿಯುತ್ತದೆ. ಇವು ಪಂಪಿನ ಸೀಲನ್ನು ಸವೆಸುವ ವಸ್ತುಗಳು. ಕರಗಿದ ಸುಣ್ಣವನ್ನು ಹಿಡಿಯಲು ಅದಕ್ಕೆ ಸಾಧ್ಯವಿಲ್ಲ. ಕೆಲವು ಡಬ್ಬಿಗಳೊಳಗೆ ಲವಣದ ಗುಳಿಗೆಗಳೂ ಇರುತ್ತವೆ. ಆಗಲೇ ಲವಣ ಬೆರೆಸಿದ ಕೂಲೆಂಟಿಗೆ ಅವನ್ನು ಮತ್ತೆ ಮತ್ತೆ ಸೇರಿಸಿದರೆ ಹೆಚ್ಚಾದುದು ಹರಳುಗಟ್ಟಿ ತಾನೇ ಕಸವಾಗುತ್ತದೆ, ಆದುದರಿಂದ ಗುಳಿಗೆಯಿಲ್ಲದ ಡಬ್ಬಿಯೇ ಕ್ಷೇಮ. ದಾರಿಯಲ್ಲಿ ರೇಡಿಯೇಟರು ಸೋರಿದಾಗ ಅರಿಶಿನಪುಡಿಯನ್ನು ಸುರಿದು ಊರು ಸೇರುವ ಲಾರಿಯವರ ಹಳೆಯ ಉಪಾಯವು ಫಿಲ್ಟರು ಇರುವ ಲಾರಿಯಲ್ಲಿ ನಡೆಯದು. ತೂತನ್ನು ಮುಚ್ಚಬೇಕಾದ ಅರಿಶಿನವು ಮೊದಲು ಫಿಲ್ಟರನ್ನು ಮುಚ್ಚುತ್ತದೆ. ಕಾಕುಗಳೆರಡನ್ನೂ ತಿರುಗಿಸಿ ಬಂದ್ ಮಾಡಿಕೊಂಡ ಮೇಲೆ ಸುರಿಯಬಹುದು.

ಹಳೆಯ ಲಾರಿಗೆ ಇದನ್ನು ಹಾಕುವ ಮೊದಲು ಬ್ಲಾಕನ್ನೂ ರೇಡಿಯೇಟರನ್ನೂ ಚೆನ್ನಾಗಿ ತೊಳೆಯಿಸಬೇಕು; ಇಲ್ಲದಿದ್ದರೆ ವರ್ಷಗಳ ಕೆಸರು ಮೊದಲ ಡಬ್ಬಿಯನ್ನು ಒಂದೇ ವಾರದಲ್ಲಿ ತುಂಬಿಬಿಡುತ್ತದೆ. ಹಾಗೆ ತೊಳೆದಾಗ ಪರೆಯ ಆಶ್ರಯದಲ್ಲಿ ಮುಚ್ಚಿಕೊಂಡಿದ್ದ ಹಳೆಯ ಸೋರಿಕೆಗಳು ಬಾಯ್ತೆರೆಯುವುದೂ ಉಂಟು, ಅದಕ್ಕೆ ಫಿಲ್ಟರನ್ನು ಬಯ್ಯುವುದು ನ್ಯಾಯವಲ್ಲ. ಬೆರೆಸಲು ನೀರು ಯಾವುದೆಂಬ ಪ್ರಶ್ನೆಗೆ ಬೆಳ್ತಂಗಡಿಯಂಥ ಊರಿನಲ್ಲಿ ಉತ್ತರ ಸುಲಭ: ಜೂನ್ ತಿಂಗಳ ಮೊದಲ ಮಳೆಗಳು ಮಾಡನ್ನು ತೊಳೆದುಹೋದ ಮೇಲೆ ಶುದ್ಧ ಪಾತ್ರೆಯಲ್ಲಿ ಹಿಡಿದಿಟ್ಟ ಮಳೆನೀರಿನಲ್ಲಿ ಸುಣ್ಣವೆಂಬುದು ಹೆಸರಿಗೂ ಇರದು, ಅದರ ತುಸು ಆಮ್ಲಗುಣವನ್ನು ಕೂಲೆಂಟಿನ ಲವಣಗಳೇ ನೋಡಿಕೊಳ್ಳುತ್ತವೆ. ಅದರಲ್ಲಿ ಬೆರೆಸಿದ ಕೂಲೆಂಟಿನ ಐದು ಲೀಟರಿನ ಕ್ಯಾನೊಂದನ್ನು ಕ್ಯಾಬಿನ್ನಿನಲ್ಲಿಯೇ ಇಟ್ಟುಕೊಂಡು, ತಿಪಟೂರಿನಲ್ಲಿಯಾಗಲಿ ಹಾಸನದಲ್ಲಿಯಾಗಲಿ ನೀರು ಇಳಿದಾಗ ಅದರಿಂದಲೇ ತುಂಬುವ ಚಾಲಕನಿಗೆ, ಕೂಲೆಂಟಿನ ಫಿಲ್ಟರನ್ನು ಬದಲಾಯಿಸುವ ಸಂದರ್ಭವೇ ವಿರಳ.